ಎರಡು ಸರಪಳಿ ಅಗಲ

ಮೂವತ್ತೊಂದು ವರ್ಷ ಕಡಿದೆ ಈ ನೆಲವನ್ನ,
ಕೊಡಲಿಯಿಂದಲ್ಲ, ಪೆನ್ಸಿಲ್ಲಿನಿಂದ.
ಅಣ್ಣನಿಗಿಷ್ಟು, ತಮ್ಮನಿಗಿಷ್ಟು,
ಖರಾಬು ಇಷ್ಟು, ಬಾವಿಯಲ್ಲಿ ಅರ್ಧ ಪಾಲು.
ಹದಿನಾರು ಆಣೆಯ ಸರಪಳಿ ಚಾಚಿ
ಕಲ್ಲು ಹುಗಿದು ಎದ್ದು ನಿಂತಾಗ
ಎರಡೂ ಕಡೆಯವರು ಬೈದರೆ
ಅಳತೆ ಸರಿ ಬಂತೆಂದು ಖಾತ್ರಿ.

ರಿಟೈರಾದ ಮೇಲೆ ಬೀದರದ ಮನೆಯಲ್ಲಿ
ಸರಪಳಿಗೆ ಎಣ್ಣೆ ಹಚ್ಚಿ ಮೊಳೆಗೆ ತೂಗುಹಾಕಿದ್ದೆ.
ಈಗ ಮೇಲಿಂದಲೇ ಅಳೀತಾರಂತೆ, ಡ್ರೋನು.
ಗಾರ್ಡ್ ಜಮುನಾ ರಾಠೋಡ ಬಂದಳು,
ಖಾಕಿ ತೋಳಿಗೆ ಉತ್ತರಾಣಿ ಕಾಳು ಅಂಟಿಸಿಕೊಂಡು:
"ಕಾಕಾ, ಹೊನ್ನಿಕೇರಿ ಕಾಡಿನ ಅಂಚಿಂದ
ಮಾಳಗುಂಡಿ ಗೈರಾಣದ ತನಕ
ಚಿಗರಿಗೆ ಒಂದು ದಾರಿ ಬೇಕಾಗ್ಯದ.
ಎಲ್ಲಿ ಸಿಗತದ ನೋಡ್ರಿ."

ಹಳೇ ನಕ್ಷೆ ಬಿಡಿಸಿದೆ. ನನ್ನದೇ ಕೈಬರಹ.
ಒಂದು ಕಾಲಕ್ಕೆ ಇಡೀ ಹುಲ್ಲುಗಾವಲಿಗೆ ನಂಬರು ಒಂದೇ.
ಅದರ ಹೊಟ್ಟೆ ಸೀಳಿ ಹಿಸ್ಸೆ, ಹಿಸ್ಸೆಯೊಳಗೆ ಹಿಸ್ಸೆ,
ಎಲ್ಲಕ್ಕೂ ನನ್ನ ಸಹಿ.
ಗೊರಸಿಗೆ ಅಂತ ಎಲ್ಲೂ ಒಂದು ಕಾಲಂ ಇಲ್ಲ.

ನೌಬಾದಿನ ಸುರಂಗ ಬಾವಿ ತೋಡಿದವರು
ನೆಲದ ಕೆಳಗೆ ಬಾವಿಗೆ ಬಾವಿ ಜೋಡಿಸಿ
ನೀರಿಗೆ ನಡೆಯಲು ಜಾಗ ಬಿಟ್ಟಿದ್ದರು.
ಮೇಲೆ ನಡೆಯುವುದಕ್ಕೆ
ನಾವು ಬಿಟ್ಟದ್ದು ಡಾಂಬರು.

ಹೊಲ ಹೊಲ ತಿರುಗಿದೆವು, ಕಡಲೆ ಹೂಬಿಡುವ ಹೊತ್ತು.
ಘಾಳೆಪ್ಪ ಬದುವಿನ ಪಕ್ಕ ಒಂದು ಸರಪಳಿ ಬೀಳು ಬಿಡುತ್ತೇನೆಂದ,
ಬದಲಿಗೆ ಸೋಯಾ ಮೇದದ್ದರ ಪರಿಹಾರದ ಅರ್ಜಿ
ಜಮುನಾಳೇ ಬರೆದುಕೊಡಬೇಕು, ಮೂರು ವರ್ಷದ್ದು.
ಇಸ್ಮಾಯಿಲ್ ಪಟೇಲರು ಏನೂ ಹೇಳದೆ
ಇಕ್ಕಳ ತಂದು ಕೆಳಗಿನ ಎರಡು ತಂತಿ ಬಿಚ್ಚಿದರು.
ಬಿಚ್ಚಿದ ಮೇಲೆ ಹೇಳಿದರು:
"ಹಾರೋ ಜಾನವಾರ್ ಅದ ಸಾಬ್,
ಆದ್ರ ತಂತಿ ಕಂಡ್ರ ನುಸುಳತದ.
ಅದರ ಬೆನ್ನ ಮ್ಯಾಲಿನ ಗೆರಿ ನೋಡೀನಿ ನಾ."
ತುಕ್ಕಮ್ಮ ನಕ್ಕಳು: "ದಾರಿ ಕೊಡ್ಲಾಕ ನಾ ಯಾರ?
ದಿನಾ ಮುಂಜಾನಿ ಅವೇ ನನಗ ದಾರಿ ಬಿಡತಾವ."
ಬಸವಂತರಾವ್ ಬಿರಾದಾರ ಮಾತ್ರ
ಚಹಾ ಕುಡಿಸಿದ, ಬಿಸ್ಕೀಟು ತಿನಿಸಿದ, ಜಾಗ ಕೊಡಲಿಲ್ಲ.
ಪ್ಲಾಟ್ ಮಾಡೋದು ಅದ, ಎಂದ.
ಆಮೇಲೆ ಗೇಟಿನ ತನಕ ತಾನೇ ಬಂದು
ಚಿಕ್ಕಂದಿನಲ್ಲಿ ಕಂಡ ಹಿಂಡಿನ ಲೆಕ್ಕ ಹೇಳುತ್ತ
ಬಹಳ ಹೊತ್ತು ನಿಲ್ಲಿಸಿಕೊಂಡ.

ಹಾಗಾಗಿ ನಮ್ಮ ದಾರಿ ನೆಟ್ಟಗಿಲ್ಲ.
ಬಿರಾದಾರನ ಬೇಲಿಗೆ ಮೂಗು ತಾಗಿಸಿ
ಹಳ್ಳದ ಗುಂಟ ಇಳಿದು
ಮೊಣಕೈಯಂತೆ ಮಡಚಿ ಹೋಗುತ್ತದೆ.
ಎಲ್ಲೋ ಎರಡು ಸರಪಳಿ ಅಗಲ,
ಎಲ್ಲೋ ಬರೀ ಆರಾಣೆ:
ಗಬ್ಬದ ಚಿಗರಿ ಒಂದರ ಹಿಂದೊಂದು ಹೋಗುವಷ್ಟು.
ಬಳ್ಳಾರಿ ಜಾಲಿ ಬೇರುಸಹಿತ ಕಿತ್ತೆವು,
ಹುಲ್ಲಿನ ಬೀಜ ಎರಚಿದೆವು.
ಕಲ್ಲು ಹುಗಿಯುವಾಗ ಈ ಸಲ ಯಾರೂ ಬೈಯಲಿಲ್ಲ.
ನನಗೇ ಅಳತೆಯ ಮೇಲೆ ಅನುಮಾನ ಬಂತು.

ಒಂದಿಡೀ ಮಳೆಗಾಲ ಚಿಗರಿಯ ಸುಳಿವಿಲ್ಲ.
ನಾಯಿ ಬಂದವು, ಕುರಿ ಬಂದವು,
ಬಿರಾದಾರನ ಮೊಮ್ಮಗನ ಗಾಳಿಪಟ ಬಂತು.
ಜಮುನಾ ವಹಿಯಲ್ಲಿ ದಿನವೂ ಸೊನ್ನೆ ಬರೆದಳು,
ದುಂಡಗೆ, ಬೇಸರವಿಲ್ಲದೆ.

ಎಳ್ಳಮವಾಸ್ಯೆ ಮರುದಿನ ಫೋನು:
"ಕಾಕಾ, ನಾಲ್ಕನೇ ಕಲ್ಲಿಗೆ ಬರ್ರಿ."
ಹುಲ್ಲು ಸರಿಸಿದರೆ ಕಲ್ಲಿನ ಬುಡಕ್ಕೆ ಹಿಕ್ಕೆಯ ಗುಡ್ಡೆ.
ಮೇಲಿನದು ಹಸಿ, ಕರ್ರಗೆ ಮಿಂಚುವುದು;
ಕೆಳಗಿನದು ಒಣಗಿ ಪುಡಿಯಾದದ್ದು.
ಸೊನ್ನೆ ಬರೆದ ಎಷ್ಟೋ ರಾತ್ರಿ
ಗಂಡು ಚಿಗರಿ ಇಲ್ಲಿಗೇ ಬಂದು ನಿಂತು
ಇಲ್ಲಿಂದ ನನ್ನದು ಎಂದು ಹದ್ದು ಗುರುತು ಮಾಡಿ ಹೋಗಿದೆ.
ಜಮುನಾ ವಹಿಯ ಹಾಳೆ ಹಿಂದಕ್ಕೆ ಮಗುಚುತ್ತಿದ್ದಳು.

ರೂಢಿಯಂತೆ ನಾನು ಚಕ್ಕುಬಂದಿ ನೋಡಿದೆ:
ಮೂಡಲಿಗೆ ತುಕ್ಕಮ್ಮನ ಕಡಲೆ,
ಪಡುವಲಿಗೆ ಹಳ್ಳ,
ಬಡಗಲಿಗೆ ಬಿರಾದಾರನ ಬೇಲಿ,
ತೆಂಕಲಿಗೆ ಇನ್ನೂ ಯಾರೂ ಅಳೆಯದ ಮಂಜು.
ತಕರಾರು ಇಲ್ಲ ಎಂದು ಸಹಿ ಹಾಕಲು
ಜೇಬಿನಲ್ಲಿ ಪೆನ್ಸಿಲ್ಲು ತಡಕಿದೆ.
ಇರಲಿಲ್ಲ.
ಸ್ವಲ್ಪ ಹೊತ್ತು ಅಲ್ಲೇ ಕೂತೆ.